ಹಳದಿ ಕಾರ್ಡಿನ ಸರಿ ಗುರುತು

ನನ್ನ ಬಾಯಿ ಜೋರು. ಇದನ್ನು ನಾನೇ ಹೇಳಿಕೊಳ್ಳಬೇಕಾಗಿಲ್ಲ, ನಮ್ಮ ಪ್ರಾಣಿ ಆಸ್ಪತ್ರೆಯ ಬೆಂಚಿನ ಮೇಲೆ ಒಂದು ಸಲ ಕೂತೆದ್ದವರು ಯಾರನ್ನು ಬೇಕಾದರೂ ಕೇಳಿ. ಹನ್ನೊಂದು ವರ್ಷದಿಂದ ನಾನು ಅಲ್ಲಿ ಸಹಾಯಕಿ. ಕಾರ್ಡು ಬರೆಯುವುದು, ಫೋನು ಮಾಡುವುದು, ಒದ್ದಾಡುವ ನಾಯಿಗಳನ್ನು ಹಿಡಿಯುವುದು, ಆಪರೇಷನ್ನಿಗೆ ಮುಂಚೆ ಹೊಟ್ಟೆಯ ಕೂದಲು ತೆಗೆಯುವುದು, ಆಮೇಲೆ ನೆಲ ಒರೆಸುವುದು ಎಲ್ಲ ನನ್ನದೇ. ಇದರ ಜೊತೆಗೆ ಯಾರೂ ವಹಿಸದ ಇನ್ನೊಂದು ಕೆಲಸವನ್ನೂ ಮೈಮೇಲೆ ಹಾಕಿಕೊಂಡಿದ್ದೆ. ಹೆಣ್ಣು ನಾಯಿ ಸಾಕಿಕೊಂಡು ಗರ್ಭಕೋಶ ತೆಗೆಸುವ ಆಪರೇಷನ್ ಮಾಡಿಸದವರನ್ನು ಮುಖ ಮೂತಿ ನೋಡದೆ ಬೈಯುವುದು. ಡಾಕ್ಟರಮ್ಮ ಬೆನ್ನ ಹಿಂದೆ ನನ್ನನ್ನು ಸೂಪರಿಂಟೆಂಡೆಂಟ್ ಎನ್ನುತ್ತಾರೆ. ಎದುರಿಗೂ ಅದನ್ನೇ ಅನ್ನುತ್ತಾರೆ.

ಬೆಂಚಿನ ಎದುರಿನ ಗೋಡೆಯಲ್ಲಿ ಒಂದು ಚಾರ್ಟು ತೂಗುಹಾಕಿದೆ. ಅಕ್ಷರ ನನ್ನದು. ಬೆದೆ ಮುಗಿದು ಒಂದೆರಡು ತಿಂಗಳೊಳಗೆ ನಿಮ್ಮ ಹೆಣ್ಣು ನಾಯಿ ಮಿತಿಮೀರಿ ನೀರು ಕುಡಿದರೆ, ಊಟ ಬಿಟ್ಟರೆ, ವಾಂತಿ ಮಾಡಿದರೆ, ಹೊಟ್ಟೆ ಊದಿದರೆ ಕಾಯಬೇಡಿ. ಗರ್ಭಕೋಶದಲ್ಲಿ ಕೀವು ತುಂಬಿರಬಹುದು. ಕೀವು ಹೊರಗೆ ಹರಿಯದಿದ್ದರೆ ಅಪಾಯ ಇನ್ನೂ ಹೆಚ್ಚು. ಚಿಕ್ಕ ವಯಸ್ಸಿನಲ್ಲೇ ಆಪರೇಷನ್ ಮಾಡಿಸಿದರೆ ಈ ಕಾಯಿಲೆಯ ಗೊಡವೆಯಿಲ್ಲ. ಕೊನೆಯ ಸಾಲಿನ ಕೆಳಗೆ ಕೆಂಪು ಸ್ಕೆಚ್ ಪೆನ್ನಿನಲ್ಲಿ ಎರಡು ಗೆರೆ ಎಳೆದಿದ್ದೇನೆ.

ನಮ್ಮ ಮನೆಯಲ್ಲಿಯೂ ಒಂದು ಹೆಣ್ಣು ನಾಯಿ ಇದೆ. ಗುಂಡಿ ಅಂತ. ಬಿಳಿ ಮೈ, ಬೆನ್ನಿನ ನಡುವೆ ಅಂಗಿಯ ಗುಂಡಿಯಷ್ಟಗಲದ ಒಂದು ಕಪ್ಪು ಚುಕ್ಕೆ. ಈ ಕಥೆ ನಡೆದಾಗ ಅವಳಿಗೆ ಏಳು ವರ್ಷ. ಆಸ್ಪತ್ರೆಯಲ್ಲಿರುವ ಅವಳ ಹಳದಿ ಕಾರ್ಡಿನಲ್ಲಿ ‘ಆಪರೇಷನ್’ ಎಂಬ ಚೌಕದೊಳಗೆ ಒಂದು ಸರಿ ಗುರುತು ಇತ್ತು, ಪಕ್ಕದಲ್ಲಿ ನಾಲ್ಕು ವರ್ಷ ಹಿಂದಿನ ತಾರೀಕು. ಎರಡನ್ನೂ ಬರೆದವಳು ನಾನು. ಎರಡೂ ಸುಳ್ಳು.

ಯಾಕೆ ಅಂತ ಹೇಳುತ್ತೇನೆ, ಕ್ಷಮಿಸಿ ಅಂತಲ್ಲ. ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷ ಒಂದು ಎಳೆಯ ನಾಯಿ ಆಪರೇಷನ್ನಿಗೆ ಬಂತು. ಮೈಯಲ್ಲಿ ಯಾವ ರೋಗವೂ ಇಲ್ಲ, ಬಾಲ ಆಡಿಸುತ್ತಲೇ ಮೇಜು ಹತ್ತಿತ್ತು. ನಿದ್ದೆ ಬರಿಸುವ ಮದ್ದು ಕೊಟ್ಟಾಗಿತ್ತು, ಡಾಕ್ಟರಮ್ಮ ಇನ್ನೂ ಬ್ಲೇಡು ಕೈಗೆತ್ತಿಕೊಂಡಿರಲಿಲ್ಲ, ಅದರ ಉಸಿರು ನಿಂತಿತು. ಹಿಂಗಾಲು ನನ್ನ ಕೈಯಲ್ಲಿತ್ತು. ಅರ್ಧ ಗಂಟೆ ಎದೆ ಒತ್ತಿದರೂ ಉಸಿರು ಮರಳಲಿಲ್ಲ. ಡಾಕ್ಟರಮ್ಮ ಹೊರಗೆ ಹೋಗಿ ಸಾಕಿದವರಿಗೆ ಹೇಳಿದರು, ಒಳಗೆ ಬಂದು ಕೈ ತೊಳೆದರು, ಮರುದಿನ ಎಂದಿನಂತೆ ಎರಡು ಆಪರೇಷನ್ ಮಾಡಿದರು. ಅಂಥದ್ದು ಮತ್ತೆ ಆಗಿಲ್ಲ. ಸಾವಿರಾರು ನಾಯಿಗಳು ಆ ಮೇಜಿನಿಂದ ಎದ್ದು ಮನೆಗೆ ನಡೆದದ್ದನ್ನು ಕಣ್ಣಾರೆ ಕಂಡಿದ್ದೇನೆ. ಆದರೂ ಗುಂಡಿಯನ್ನು ಅಲ್ಲಿ ಮಲಗಿಸುವ ಯೋಚನೆ ಬಂದರೆ ಆ ಕಾಲು ನನ್ನ ಅಂಗೈಯಲ್ಲಿ ತಣ್ಣಗಾದದ್ದೇ ನೆನಪಾಗುತ್ತಿತ್ತು.

ಇದನ್ನು ಬಾಯಿಬಿಟ್ಟು ಹೇಳಲು ಆಗಲಿಲ್ಲ. ಊರಿಗೆಲ್ಲ ಬುದ್ಧಿ ಹೇಳುವವಳು ಭಯ ಎನ್ನುವುದು ಹೇಗೆ? ಪ್ರತಿ ವರ್ಷ ಲಸಿಕೆಯ ದಿನ ಡಾಕ್ಟರಮ್ಮ, “ಗುಂಡಿದು ಯಾವಾಗ?” ಎಂದು ಕೇಳುತ್ತಿದ್ದರು. ನಾನು ಏನೋ ಒಂದು ನೆಪ ಹೇಳಿ ಜಾರಿಕೊಳ್ಳುತ್ತಿದ್ದೆ. ನೆಪಗಳೆಲ್ಲ ಮುಗಿದ ವರ್ಷ ತಂಗಿಯ ಮನೆಗೆಂದು ನಾಲ್ಕು ದಿನ ರಜೆ ಹಾಕಿ ಗುಂಡಿಯನ್ನೂ ಕರೆದುಕೊಂಡು ಹೋದೆ. ವಾಪಸು ಬಂದವಳೇ, “ಅಲ್ಲೇ ಒಬ್ಬರ ಹತ್ರ ಮಾಡಿಸಿಬಿಟ್ಟೆ” ಎಂದೆ.

“ನನ್ನ ಕೈ ಮೇಲೆ ನಂಬಿಕೆ ಇಲ್ವಾ?” ಎಂದು ಡಾಕ್ಟರಮ್ಮ ನಕ್ಕರು. ಅವರ ಮನಸ್ಸಿಗೆ ಸ್ವಲ್ಪ ತಾಕಿತ್ತು, ನನಗೆ ಗೊತ್ತಾಯಿತು. ನಾನು ಕಾರ್ಡು ತೆಗೆದು ಸರಿ ಗುರುತು ಹಾಕಿದೆ. ಅಷ್ಟೇ, ಒಂದು ಗೆರೆ ಕೆಳಗೆ, ಒಂದು ಗೆರೆ ಮೇಲೆ.

ಸುಳ್ಳು ಅಲ್ಲಿಗೆ ಮುಗಿದಿದ್ದರೆ ಸರಿಯಿತ್ತು. ನಾನು ಅದನ್ನು ಕೆಲಸಕ್ಕೂ ಹಚ್ಚಿದೆ. ಎರಡು ವರ್ಷದ ಹಿಂದೆ ಒಬ್ಬ ಬಸ್ ಡ್ರೈವರ್ ತಮ್ಮ ಕಂದು ನಾಯಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಂದರು. ಐದು ದಿನದಿಂದ ಊಟ ಬಿಟ್ಟಿತ್ತು, ಹೊಟ್ಟೆ ತಮಟೆಯಾಗಿತ್ತು. ಗರ್ಭಕೋಶದ ಕೀವು ಒಳಗೇ ಒಡೆದಿತ್ತು. ಡಾಕ್ಟರಮ್ಮ ಸೂಜಿ ಹಾಕುವಷ್ಟರಲ್ಲಿ ಅದು ಹೋಯಿತು. ಆ ಮನುಷ್ಯ ಡ್ಯೂಟಿಯ ಬಟ್ಟೆಯಲ್ಲೇ ಇದ್ದರು, ಖಾಲಿ ಹಗ್ಗ ಹಿಡಿದು ಮೇಜಿನ ಪಕ್ಕ ನಿಂತಿದ್ದರು. ಬೆಂಚಿನ ತುಂಬ ಜನ ಇದ್ದರು. ನಾನು ಶುರು ಮಾಡಿದೆ.

“ಆರು ವರ್ಷ ಏನ್ ಮಾಡ್ತಿದ್ರಿ? ನಾನೇ ಮೂರು ಸಲ ಫೋನ್ ಮಾಡಿದೀನಿ.”

“ಭಯ ಆಗಿತ್ತಮ್ಮ,” ಎಂದರು ಅವರು. “ಮದ್ದು ಕೊಟ್ಮೇಲೆ ಎದ್ದೇಳ್ದೇ ಇದ್ರೆ ಅಂತ.”

“ಭಯ ಯಾರಿಗೆ, ನಿಮಗೋ ನಾಯಿಗೋ? ನಿಮ್ಮ ಭಯಕ್ಕೆ ಅದು ಪ್ರಾಣ ಕೊಡಬೇಕಾಯ್ತು ನೋಡಿ. ನಮ್ಮನೇದಕ್ಕೆ ಮಾಡಿಸಿ ಎರಡು ವರ್ಷ ಆಯ್ತು. ಗುಂಡುಕಲ್ಲಿನ ಹಾಗಿದೆ.”

ಅವರು ಹಗ್ಗವನ್ನು ನಾಲ್ಕು ಸುತ್ತು ಮಡಚಿ ಜೇಬಿಗೆ ಹಾಕಿಕೊಂಡರು. ಆ ಸಂಜೆ ನಾನು ಮನೆಗೆ ಹೋದಾಗ ಗುಂಡಿ ಬೆದೆಯಲ್ಲಿದ್ದಳು, ನಮ್ಮ ಮನೆಯವರು ಹಳೆಯ ಬನಿಯನ್ ಹರಿದು ಅವಳಿಗೆ ಲಂಗೋಟಿ ಕಟ್ಟುತ್ತಿದ್ದರು. ನಾನು ಕೈಕಾಲು ತೊಳೆದು ಊಟಕ್ಕೆ ಕೂತೆ. ಗಂಟಲಲ್ಲಿ ತುತ್ತು ಸಿಕ್ಕಿಕೊಳ್ಳಲಿಲ್ಲ, ಅದನ್ನೂ ಹೇಳಿಬಿಡಬೇಕು.

ಡ್ರೈವರ್ ಕಳೆದ ವರ್ಷ ಬೀದಿಯಿಂದ ಇನ್ನೊಂದು ಹೆಣ್ಣು ಮರಿ ತಂದು ಸಾಕಿದರು. ಲಸಿಕೆಗೆ ತಪ್ಪದೆ ಬರುತ್ತಿದ್ದರು. ಈ ಸಲ ನಾನು ಫೋನು ಮಾಡಿದ ಕೂಡಲೇ ಆಪರೇಷನ್ನಿಗೆ ಒಪ್ಪಿಕೊಂಡರು. ಬುಧವಾರ ಬೆಳಿಗ್ಗೆ ಎಂದು ನಿಗದಿಯಾಗಿತ್ತು.

ಅದಕ್ಕೆ ಮುಂಚಿನ ಭಾನುವಾರ ನಮ್ಮ ಮನೆಯವರು ಹಿತ್ತಲಿನಿಂದ ಕೂಗಿ ಹೇಳಿದರು, “ನಿನ್ನ ಮಗಳು ನೀರಿನ ಪಾತ್ರೆ ಖಾಲಿ ಮಾಡಿದಾಳೆ ಕಣೆ. ಬೆಳಗಿಂದ ಇದು ಎರಡನೇದು.” ಅವರು ಪುಸ್ತಕಗಳಿಗೆ ರಟ್ಟು ಕಟ್ಟುವ ಕೆಲಸದವರು, ಬೆರಳುಗಳಿಗೆ ಸದಾ ಅಂಟು ಮೆತ್ತಿರುತ್ತದೆ, ಮನುಷ್ಯ ಮಾತ್ರ ಯಾವುದಕ್ಕೂ ಅಂಟಿಕೊಳ್ಳದ ನಿರಾಳ ಜೀವ. ಗುಂಡಿಗೆ ಆಪರೇಷನ್ ಯಾಕೆ ಮಾಡಿಸಿಲ್ಲ ಎಂದು ಅವರು ಕೇಳಿದವರೇ ಅಲ್ಲ. ಮನೆಯಲ್ಲಿ ಆ ಖಾತೆ ನನ್ನದು.

ನಾನು ಹಿತ್ತಲಿಗೆ ಹೋಗಿ ನೋಡಿದೆ. ಗುಂಡಿ ತಟ್ಟೆಯ ಅನ್ನವನ್ನು ಮೂಸಿ ನೋಡಿ ಹಿಂದೆ ಸರಿದಳು. ಆಮೇಲೆ ಮೂಲೆಯಲ್ಲಿ ಹಳದಿ ನೀರು ವಾಂತಿ ಮಾಡಿದಳು. ನಾನು ಬೆರಳು ಮಡಚಿದೆ. ಬೆದೆ ಮುಗಿದು ಏಳು ವಾರ. ಬಾಲ ಎತ್ತಿ ನೋಡಿದೆ, ಎಲ್ಲೂ ಸ್ರಾವವಿಲ್ಲ, ಒಣಗಿದೆ. ಚಾರ್ಟು ಬರೆದವಳಿಗೆ ಚಾರ್ಟು ಓದಿ ಹೇಳುವವರು ಬೇಕಿರಲಿಲ್ಲ. ಆದರೂ ಹೊಟ್ಟೆ ಕೆಟ್ಟಿರಬೇಕು ಎಂದು ಮನೆಯವರಿಗೆ ಹೇಳಿದೆ.

ಸೋಮವಾರ ಬೆಳಿಗ್ಗೆ ಅವಳನ್ನು ಕರೆದುಕೊಂಡು ಹೋದೆ. ಮನೆಯವರು ತಾವೂ ಬರುತ್ತೇನೆಂದು ಚಪ್ಪಲಿ ಹಾಕಿಕೊಂಡಿದ್ದರು. ಬೇಡವೆಂದೆ. ಅವರ ಬಾಯಿಯಲ್ಲಿ ಎಳ್ಳು ನೆನೆಯುವುದಿಲ್ಲ, ಡಾಕ್ಟರಮ್ಮನ ಮುಂದೆ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡುತ್ತಾರೆ ಎಂಬ ಹೆದರಿಕೆ. ಸಾಯುತ್ತಿರುವ ನಾಯಿಯನ್ನು ಕಂಕುಳಲ್ಲಿ ಇಟ್ಟುಕೊಂಡು ನಾನು ಅಂಥ ಲೆಕ್ಕ ಹಾಕುತ್ತಿದ್ದೆ.

ಡಾಕ್ಟರಮ್ಮ ಜ್ವರ ನೋಡಿದರು, ಹೊಟ್ಟೆ ಒತ್ತಿದರು, ರಕ್ತ ತೆಗೆದು ತಾವೇ ಯಂತ್ರಕ್ಕೆ ಹಾಕಿದರು. ಚೀಟಿ ನೋಡಿ ಹುಬ್ಬು ಗಂಟಿಕ್ಕಿದರು.

“ಎಲ್ಲೋ ಜೋರು ಸೋಂಕಿದೆ. ಬೇರೆ ಹೆಣ್ಣು ನಾಯಿ ಆಗಿದ್ರೆ ಗರ್ಭಕೋಶ ಅಂತ ಕಣ್ಣು ಮುಚ್ಕೊಂಡು ಹೇಳ್ತಿದ್ದೆ. ಇವಳದ್ದು ತೆಗೆಸಿದೀರಲ್ಲ.”

ನನ್ನ ಮುಖ ನೋಡುತ್ತಲೇ ಹೇಳಿದರು. ಪ್ರಶ್ನೆಯಲ್ಲ ಅದು, ಆದರೆ ಬಾಗಿಲು ತೆರೆದಿಟ್ಟಂತೆಯೇ ಇತ್ತು. ಒಂದು ಮಾತು ಸಾಕಿತ್ತು. ಮೂಲೆಯಲ್ಲಿ ಹೊಸದಾಗಿ ಸೇರಿದ ಜೂನಿಯರ್ ಡಾಕ್ಟರು ಇದ್ದಳು, ಹೋದ ವಾರವಷ್ಟೇ ಕಾರ್ಡು ಸರಿಯಾಗಿ ತುಂಬಿಲ್ಲವೆಂದು ಅವಳಿಗೆ ಪಾಠ ಹೇಳಿದ್ದೆ.

“ಹೂಂ,” ಎಂದೆ.

“ಹಾಗಾದ್ರೆ ಕಿಡ್ನಿನೋ ಪಿತ್ತಕೋಶನೋ ನೋಡ್ಬೇಕು. ಸ್ಕ್ಯಾನ್ ಯಂತ್ರ ರಿಪೇರಿಯಿಂದ ನಾಳೆ ಬೆಳಿಗ್ಗೆ ಬರುತ್ತೆ. ಇವತ್ತು ಡ್ರಿಪ್ ಹಾಕೋಣ, ಇಂಜೆಕ್ಷನ್ ಕೊಡೋಣ.”

ಡ್ರಿಪ್ಪಿನ ಹನಿಗಳನ್ನು ಎಣಿಸುತ್ತ ಇಡೀ ದಿನ ಗುಂಡಿಯ ಪಕ್ಕ ಕೂತೆ. ನಡುನಡುವೆ ಎದ್ದು ಹೋಗಿ ಡಾಕ್ಟರಮ್ಮನ ಬಾಗಿಲ ಬಳಿ ನಿಲ್ಲುವುದು, ಅವರು ಏನು ಎನ್ನುವುದು, ನಾನು ಹತ್ತಿ ಮುಗಿದಿದೆ ಎನ್ನುವುದು. ಮೂರು ಸಲ ಹಾಗಾಯಿತು. ಮೂರನೆಯ ಸಲ ಡಾಕ್ಟರಮ್ಮ, “ಎಷ್ಟು ಹತ್ತಿ ಬೇಕ್ರೀ ನಿಮಗೆ?” ಎಂದರು. ಇಂಜೆಕ್ಷನ್ನಿನಿಂದಲೇ ವಾಸಿಯಾಗಬಹುದೇನೋ, ಯಾರಿಗೂ ತಿಳಿಯದೆ ಮುಗಿದುಹೋಗಬಹುದೇನೋ ಎಂಬ ಆಸೆ ನನಗೆ. ಆಗುವುದಿಲ್ಲ ಎಂದು ನನಗಿಂತ ಚೆನ್ನಾಗಿ ಬಲ್ಲವರು ಆ ಕಟ್ಟಡದಲ್ಲಿ ಒಬ್ಬರೇ ಇದ್ದರು, ಅವರಿಗೆ ನಾನು ಸುಳ್ಳು ಹೇಳಿದ್ದೆ.

ಮಂಗಳವಾರ ಬೆಳಿಗ್ಗೆ ಗುಂಡಿ ತಾನಾಗಿ ಎದ್ದು ನಿಲ್ಲಲಿಲ್ಲ. ವಸಡು ಬಿಳಿಚಿತ್ತು. ಅವಳನ್ನು ಮೇಜಿನ ಮೇಲೆ ಅಂಗಾತ ಮಲಗಿಸಿದೆವು. ಸ್ಕ್ಯಾನ್ ಮಾಡಲು ಹೊಟ್ಟೆಯ ಕೂದಲು ತೆಗೆಯಬೇಕು, ಅದು ನನ್ನ ಕೆಲಸ. ಕತ್ತರಿಸುವ ಯಂತ್ರ ಕೈಗೆತ್ತಿಕೊಂಡು ಎದೆಯ ಕೆಳಗಿನಿಂದ ಶುರು ಮಾಡಿದೆ. ಬಿಳಿ ಕೂದಲು ಉದುರಿ ಗುಲಾಬಿ ಬಣ್ಣದ ಚರ್ಮ ಕಾಣತೊಡಗಿತು. ಇನ್ನು ನಾಲ್ಕು ಬೆರಳು ಕೆಳಗೆ ಹೋದರೆ, ಹೊಕ್ಕುಳ ದಾಟಿದ ಮೇಲೆ, ಹಳೆಯ ಹೊಲಿಗೆಯ ಗುರುತು ಇರಬೇಕು. ಡಾಕ್ಟರಮ್ಮ ಅದನ್ನೇ ನೋಡುತ್ತಿದ್ದರು. ಬೇರೆಯವರ ಹೊಲಿಗೆ ಹೇಗಿದೆ ಎಂದು ನೋಡುವುದು ಅವರ ಅಭ್ಯಾಸ.

ನಾನು ಯಂತ್ರ ನಿಲ್ಲಿಸಿದೆ.

“ಹೊಲಿಗೆ ಇಲ್ಲ ಡಾಕ್ಟ್ರೇ,” ಎಂದೆ. “ಮಾಡ್ಸೇ ಇಲ್ಲ. ನಾನು ಸುಳ್ಳು ಬರ್ದಿದ್ದೆ.”

ಇದನ್ನು ಧೈರ್ಯ ಎಂದು ತಿಳಿಯಬೇಡಿ. ಇನ್ನೆರಡು ನಿಮಿಷಕ್ಕೆ ಸ್ಕ್ಯಾನೇ ಎಲ್ಲವನ್ನೂ ಹೇಳುತ್ತಿತ್ತು. ಹೇಳದೆ ಗತಿಯಿಲ್ಲ ಎಂದಾದ ಮೇಲೆ ಹೇಳಿದೆ, ಅಷ್ಟೇ. ಅದಕ್ಕೂ ಗುಂಡಿ ಒಂದು ಹಗಲು ಒಂದು ರಾತ್ರಿ ಕಾದಿದ್ದಳು.

ಡಾಕ್ಟರಮ್ಮ ನನ್ನನ್ನು ನೋಡಿದರು. ಆ ನೋಟ ಈಗಲೂ ಕಣ್ಣ ಮುಂದೆ ಬರುತ್ತದೆ. ಸಿಟ್ಟು ಇರಲಿಲ್ಲ, ಪರಿಚಯವಿಲ್ಲದವರನ್ನು ನೋಡುವ ಹಾಗೆ ನೋಡಿದರು. “ನಿನ್ನೆ ಹೇಳಿದ್ರೆ,” ಎಂದು ಶುರು ಮಾಡಿದವರು ಪೂರ್ತಿ ಮಾಡಲಿಲ್ಲ. ಜೂನಿಯರ್ ಕಡೆ ತಿರುಗಿ, “ಕೈ ತೊಳ್ಕೊಳ್ಳಿ, ಈಗಲೇ ತೆಗೀಬೇಕು” ಎಂದರು. ಆಮೇಲೆ ನನಗೆ, “ನೀವು ಹೊರಗಿರಿ.”

ಹನ್ನೊಂದು ವರ್ಷದಲ್ಲಿ ನಾನು ಆ ಬೆಂಚಿನ ಮೇಲೆ ಕೂತದ್ದು ಅದೇ ಮೊದಲು. ಎದುರಿಗೆ ಚಾರ್ಟು. ಕಣ್ಣು ಎತ್ತಿದರೆ ನನ್ನದೇ ಅಕ್ಷರ, ಇಳಿಸಿದರೆ ನನ್ನದೇ ಕಾಲು. ಪಕ್ಕದಲ್ಲಿ ಬೆಕ್ಕಿನ ಬುಟ್ಟಿ ಇಟ್ಟುಕೊಂಡ ಒಬ್ಬ ಹೆಂಗಸು ಕೂತಿದ್ದಳು. ಹಿಂದಿನ ತಿಂಗಳು ತಡ ಮಾಡಿದ್ದಕ್ಕೆ ಅವಳಿಗೂ ಮಂಗಳಾರತಿ ಮಾಡಿದ್ದೆ.

ನಾನು ಫೋನು ಮಾಡಿದ್ದಕ್ಕೆ ಮನೆಯವರು ಅಷ್ಟರಲ್ಲಿ ಓಡಿ ಬಂದರು. ಬೆರಳಲ್ಲಿ ಅಂಟು ಹಾಗೇ ಇತ್ತು.

“ಏನಂತೆ?”

“ಗರ್ಭಕೋಶ.”

“ಅಯ್ಯೋ, ಅದನ್ನ ತೆಗ್ಸಿರ್ಲೇ ಇಲ್ಲ ಅಲ್ವಾ ನಾವು,” ಎಂದರು ಗಟ್ಟಿಯಾಗಿ. “ನೀನೇ ಬೇಡ ಬೇಡ ಅಂತಿದ್ದೆ. ನಿನಗೆ ಗೊತ್ತಿರುತ್ತೆ ಬಿಡು ಅಂತ ನಾನು ಸುಮ್ನಿದ್ದೆ.”

ಬೆಕ್ಕಿನ ಬುಟ್ಟಿಯವಳು ತಲೆ ಎತ್ತಿದಳು. ಗೋಡೆಯ ಚಾರ್ಟು ನೋಡಿದಳು, ನನ್ನನ್ನು ನೋಡಿದಳು. ಅವಳು ನಕ್ಕಿದ್ದರೆ, ಒಂದು ಮಾತು ಚುಚ್ಚಿದ್ದರೆ ತಡೆದುಕೊಳ್ಳಬಹುದಿತ್ತು. ಅವಳು ಬುಟ್ಟಿಯನ್ನು ತೊಡೆಯ ಮೇಲೆ ಎತ್ತಿಕೊಂಡು ನಮ್ಮ ಮನೆಯವರಿಗೆ ಕೂರಲು ಜಾಗ ಮಾಡಿಕೊಟ್ಟಳು. ನೆಲ ಬಾಯಿಬಿಟ್ಟು ನುಂಗಬಾರದೇ ಎನ್ನುತ್ತಾರಲ್ಲ, ಆ ನೆಲವನ್ನು ದಿನಾ ಒರೆಸುವವಳು ನಾನು, ಅದು ಬಾಯಿಬಿಡುವುದಿಲ್ಲ ಎಂದು ಗೊತ್ತಿತ್ತು.

ಎರಡು ಗಂಟೆಯ ಮೇಲೆ ಡಾಕ್ಟರಮ್ಮ ಹೊರಗೆ ಬಂದರು. “ಇದಾಳೆ,” ಎಂದರು. “ಒಂದು ಕಡೆ ಸೋರೋಕೆ ಶುರುವಾಗಿತ್ತು. ತೊಳೆದಿದೀನಿ. ಇವತ್ತು ರಾತ್ರಿ ದಾಟಿದ್ರೆ ಉಳೀತಾಳೆ.” ಮನೆಯವರು ಕೈ ಮುಗಿದರು. ನಾನು ಡಾಕ್ಟರಮ್ಮನ ಹಿಂದೆಯೇ ಅವರ ಕೋಣೆಗೆ ಹೋದೆ.

“ಬೈದುಬಿಡಿ ಡಾಕ್ಟ್ರೇ.”

“ಬೈಯೋದು ನಿಮ್ಮ ಕೆಲಸ ಅಲ್ವಾ?” ಎಂದರು. ಕೈ ಒರೆಸಿಕೊಂಡು ಕೂತರು. “ಮೊದಲ ವರ್ಷದ ಆ ನಾಯಿ ಅಲ್ವಾ?” ಎಂದು ಕೇಳಿದರು.

ನಾನು ತಲೆ ಆಡಿಸಿದೆ.

“ನಾನು ಅವತ್ತಿಂದ ಪ್ರತಿ ಸಲ ಮದ್ದು ಕೊಡುವಾಗ ಹೆದರ್ತೀನಿ. ನೀವು ಭಯ ಅಂದಿದ್ರೆ ನಗ್ತಿದ್ನಾ?” ಇಷ್ಟು ಹೇಳಿ ಹಳದಿ ಕಾರ್ಡನ್ನು ನನ್ನ ಮುಂದೆ ತಳ್ಳಿದರು. “ಇದನ್ನ ತಿದ್ದಿ.”

ನಾನು ಹಳೆಯ ತಾರೀಕಿನ ಮೇಲೆ ಗೆರೆ ಎಳೆದು ಆ ದಿನದ್ದು ಬರೆದೆ. ಸರಿ ಗುರುತನ್ನು ಏನು ಮಾಡುವುದೆಂದು ತಿಳಿಯಲಿಲ್ಲ. ಈಗ ಅದು ನಿಜವಾಗಿತ್ತು. ಹಾಗೇ ಬಿಟ್ಟೆ.

ಬುಧವಾರ ಬೆಳಿಗ್ಗೆ ಗುಂಡಿ ಒಳಕೋಣೆಯ ಕೆಳಗಿನ ಗೂಡಿನಲ್ಲಿ ಮಲಗಿದ್ದಳು, ಹೊಲಿಗೆ ನೆಕ್ಕದಂತೆ ಕುತ್ತಿಗೆಗೆ ಪ್ಲಾಸ್ಟಿಕ್ ಕೋನು, ಕಾಲಿಗೆ ಡ್ರಿಪ್ಪು. ಜ್ವರ ಇಳಿದಿತ್ತು. ನಾನು ಬಗ್ಗಿದಾಗ ಬಾಲದ ತುದಿಯನ್ನು ಎರಡು ಸಲ ಆಡಿಸಿದಳು. ಅವಳಿಗೆ ಇದೆಲ್ಲ ಯಾರಿಂದ ಆಯಿತೆಂದು ಗೊತ್ತಿಲ್ಲ, ಗೊತ್ತಾಗುವುದೂ ಇಲ್ಲ. ಅದಕ್ಕೇ ಆ ಬಾಲವನ್ನು ನೋಡಲಾಗಲಿಲ್ಲ, ಬಟ್ಟೆ ಸರಿಮಾಡುವ ನೆಪದಲ್ಲಿ ಮುಖ ತಿರುಗಿಸಿದೆ.

ಬಸ್ ಡ್ರೈವರ್ ಹೇಳಿದ ಹೊತ್ತಿಗೆ ಸರಿಯಾಗಿ ಬಂದರು. ಹೊಸ ನಾಯಿ ಕಪ್ಪು, ಕಿವಿ ಉದ್ದ, ಒಂದು ಕಡೆ ನಿಲ್ಲುವ ಜಾಯಮಾನದ್ದಲ್ಲ. ಹಗ್ಗ ಹಳೆಯದೇ. ನಾನು ಹೇಳಿದ್ದಂತೆ ರಾತ್ರಿಯಿಂದ ಊಟ ಹಾಕಿರಲಿಲ್ಲ, ಅದನ್ನು ತಾವಾಗಿಯೇ ಹೇಳಿದರು, ಪಾಠ ಒಪ್ಪಿಸುವ ಹಾಗೆ. ನಾಯಿಯನ್ನು ತೂಕಕ್ಕೆ ಒಳಕೋಣೆಗೆ ಕರೆದುಕೊಂಡು ಬಂದಾಗ ಗೂಡಿನ ಮುಂದೆ ನಿಂತುಬಿಟ್ಟರು.

“ಪಾಪ, ಇದಕ್ಕೇನಾಯ್ತು?”

“ಗರ್ಭಕೋಶದಲ್ಲಿ ಕೀವು. ನಿಮ್ಮ ಕಂದು ನಾಯಿಗೆ ಆದದ್ದೇ.”

“ಉಳೀತಾ?”

“ಉಳೀತು.”

ಅವರು ಕುಕ್ಕರಗಾಲಲ್ಲಿ ಕೂತು ಗೂಡಿನೊಳಗೆ ಇಣುಕಿದರು. “ಒಳ್ಳೇದಾಯ್ತು,” ಎಂದರು. ಮನಸಾರೆ ಹೇಳಿದರು. “ಯಾರದಮ್ಮ ಇದು? ಅವರಿಗೂ ಬೈದ್ರಾ?”

ತಮಾಷೆಗೆ ಕೇಳಿದ್ದು. ಯಾರದೋ ಒಬ್ಬರದು ಎಂದುಬಿಡಬಹುದಿತ್ತು. ನಾಲಿಗೆಯ ತುದಿಗೆ ಬಂದೂ ಇತ್ತು, ಅಷ್ಟು ಪಳಗಿದ ನಾಲಿಗೆ ಅದು.

“ನಂದು,” ಎಂದೆ. “ಮಾಡ್ಸಿದೀನಿ ಅಂತ ಅವತ್ತು ನಿಮಗೆ ಹೇಳಿದ್ನಲ್ಲ, ಸುಳ್ಳು. ಏಳು ವರ್ಷ ಮಾಡ್ಸಿರ್ಲಿಲ್ಲ.”

ಅವರು ಕೂತಲ್ಲಿಂದಲೇ ನನ್ನನ್ನು ನೋಡಿದರು. ಕಪ್ಪು ನಾಯಿ ಅವರ ಕಿವಿ ನೆಕ್ಕುತ್ತಿತ್ತು.

“ಯಾಕೆ?”

“ಭಯ.”

ಯಾರಿಗೆ, ನಿಮಗೋ ನಾಯಿಗೋ ಎಂದು ಅವರು ಕೇಳಲಿಲ್ಲ. ಕೇಳುತ್ತಾರೆಂದು ನಾನು ಕಾದೆ, ಕೇಳಲಿ ಎಂದೇ ಕಾದೆ. ಅವರು ಮೊಣಕಾಲಿಗೆ ಕೈ ಊರಿ ಎದ್ದರು.

“ಅಂದ್ರೆ, ಅವತ್ತು ನಾನು ಭಯ ಅಂದಾಗ, ಅದು ಹೇಗಿರುತ್ತೆ ಅಂತ ನಿಮಗೆ ಗೊತ್ತಿತ್ತು.”

“ಗೊತ್ತಿತ್ತು.”

“ಅದನ್ನೊಂದು ಹೇಳಬಹುದಿತ್ತು ನೀವು,” ಎಂದರು. ದನಿ ಎತ್ತರಿಸಲಿಲ್ಲ. “ಎರಡು ವರ್ಷ ನಾನೊಬ್ಬನೇ ಹಾಗೆ ಅಂದ್ಕೊಂಡಿದ್ದೆ.”

ತಪ್ಪಾಯಿತು ಎಂದೆ. ಅದು ಎಷ್ಟು ಸಣ್ಣ ಮಾತು ಎಂದು ಹೇಳುವಾಗಲೇ ಗೊತ್ತಾಯಿತು. ಅವರು ಹಗ್ಗವನ್ನು ಕೈಗೆ ಇನ್ನೊಂದು ಸುತ್ತು ಸುತ್ತಿಕೊಂಡರು. ವಾಪಸು ಹೋಗುತ್ತಾರೆ ಎಂದುಕೊಂಡೆ. ಹೋಗಿ ಇನ್ನಾರು ವರ್ಷ ಭಯಪಟ್ಟುಕೊಂಡು ಕೂತರೆ ಅದೂ ನನ್ನ ಲೆಕ್ಕಕ್ಕೇ ಸೇರಬೇಕು.

ಆದರೆ ಅವರು ಕೇಳಿದ್ದು, “ಇದಕ್ಕೇನೂ ಆಗಲ್ಲ ತಾನೆ?”

ಹನ್ನೊಂದು ವರ್ಷ ಈ ಪ್ರಶ್ನೆಗೆ ನಾನು ಒಂದೇ ಉತ್ತರ ಕೊಟ್ಟಿದ್ದೇನೆ. ಏನೂ ಆಗಲ್ಲ, ಹೋಗಿ ಹೊರಗೆ ಕೂತ್ಕೊಳ್ಳಿ. ಅವತ್ತು ಅದು ಬಾಯಿಗೆ ಬರಲಿಲ್ಲ.

“ಆಗೋದು ಅಪರೂಪ,” ಎಂದೆ. “ಆದ್ರೆ ಒಂದ್ಸಲ ನನ್ನ ಕೈಯಲ್ಲೇ ಆಗಿದೆ. ಮಾಡ್ಸದೇ ಇದ್ರೆ ಆಗೋದನ್ನ ನೀವೂ ನೋಡಿದೀರಿ, ನಾನೂ ನೋಡಿದೆ. ನನಗೆ ಈಗಲೂ ಭಯ ಆಗ್ತಿದೆ.”

ಅವರು ತಲೆ ಆಡಿಸಿದರು. ನಾನು ಹಗ್ಗಕ್ಕೆ ಕೈ ಚಾಚಿದೆ. ಅವರು ಕೊಡಲಿಲ್ಲ.

“ನಿದ್ದೆ ಬರೋವರೆಗೂ ನಾನೇ ಹಿಡ್ಕೋತೀನಿ,” ಎಂದರು.

ಸಾಕಿದವರನ್ನು ಆ ಕೋಣೆಯೊಳಗೆ ಬಿಡುವ ಪದ್ಧತಿಯಿಲ್ಲ. ಆ ನಿಯಮವನ್ನು ಬರೆದು ಬಾಗಿಲಿಗೆ ಅಂಟಿಸಿದವಳೂ ನಾನೇ. ನಾನು ಹೋಗಿ ಡಾಕ್ಟರಮ್ಮನನ್ನು ಕೇಳಿದೆ, ಅವರು ಆಗಲಿ ಎಂದರು. ಕಪ್ಪು ನಾಯಿಯನ್ನು ಮೇಜಿಗೆ ಎತ್ತಿದೆವು. ಡ್ರೈವರ್ ಅದರ ತಲೆಯ ಬಳಿ ನಿಂತು ಎರಡೂ ಕಿವಿಯನ್ನು ಹಿಡಿದುಕೊಂಡರು. ನಾನು ಮೇಜಿನ ಇನ್ನೊಂದು ಕಡೆಗೆ ಹೋಗಿ ಹಿಂಗಾಲು ಹಿಡಿದೆ. ಬಿಸಿಯಾಗಿತ್ತು. ಮದ್ದು ಒಳಗೆ ಹೋಗಿ ಅದರ ಕಣ್ಣು ಮುಚ್ಚಿದ ಮೇಲೂ ಬಿಸಿಯಾಗಿಯೇ ಇತ್ತು, ಮತ್ತು ನಾವಿಬ್ಬರೂ ಒಬ್ಬರನ್ನೊಬ್ಬರು ನೋಡದೆ ಅದರ ಉಸಿರನ್ನೇ ನೋಡುತ್ತ ನಿಂತಿದ್ದೆವು.